ಹಿನ್ನೆಲೆಯ ಕಂಪನ: ನೆಲದ ಒಳಗನ್ನೂ ಕಟ್ಟಡದ ಬಲವನ್ನೂ ಅರಿಯುವ ಬಗೆ

ಭೂಮಿಯ ಮೇಲ್ಮೈ ಯಾವ ಕ್ಷಣದಲ್ಲೂ ಪೂರ್ತಿ ನಿಶ್ಚಲವಾಗಿರುವುದಿಲ್ಲ. ಗಾಳಿ ಬಿದ್ದುಹೋದ ರಾತ್ರಿಯಲ್ಲಿ, ಊರು ರಸ್ತೆಗಳಿಂದ ದೂರವಿರುವ ಹಾಸುಬಂಡೆಯ ಮೇಲೆ, ಎಲ್ಲಿಯೂ ದೊಡ್ಡ ಭೂಕಂಪವಾಗದ ಹೊತ್ತಿನಲ್ಲಿ ಒಂದು ಸೂಕ್ಷ್ಮವಾದ ಭೂಕಂಪನಮಾಪಕವನ್ನು ಇರಿಸಿದರೂ ಅದು ಬರೆಯುವ ಗೆರೆ ಬಿಡುವಿಲ್ಲದೆ ನಡುಗುತ್ತಿರುತ್ತದೆ. ಈ ನಡುಕದ ಪ್ರಮಾಣ ಸಾಮಾನ್ಯವಾಗಿ ಒಂದೆರಡು ಮೈಕ್ರೋಮೀಟರ್, ಅಂದರೆ ಮಿಲಿಮೀಟರಿನ ಸಾವಿರದ ಒಂದೆರಡು ಪಾಲು, ಅಥವಾ ಅದಕ್ಕಿಂತಲೂ ಕಡಿಮೆ. ಆದ್ದರಿಂದ ಮನುಷ್ಯನ ಇಂದ್ರಿಯಗಳಿಗೆ ಅದು ಎಟುಕುವುದಿಲ್ಲ. ಭೂಕಂಪಶಾಸ್ತ್ರ ಬೆಳೆದುಬಂದ ಬಹುಕಾಲದವರೆಗೆ ವಿಜ್ಞಾನಿಗಳು ಈ ನಡುಕವನ್ನು ನಿಜವಾದ ಸಂಕೇತವನ್ನು ಮರೆಮಾಚುವ ಅಡ್ಡಿಯೆಂದೇ ಎಣಿಸಿ, ಅದನ್ನು ಸೋಸಿ ತೆಗೆಯುವ ಉಪಾಯಗಳನ್ನು ಹುಡುಕಿದರು. ಹಾಗೆ ಸೋಸಿ ಎಸೆದದ್ದರಲ್ಲಿಯೇ ನೆಲದ ಒಳರಚನೆಯ ಮತ್ತು ಕಟ್ಟಡಗಳ ದೃಢತೆಯ ವಿವರಗಳು ಸೇರಿಕೊಂಡಿವೆಯೆಂಬ ಅರಿವು ಕಳೆದ ಕೆಲವು ದಶಕಗಳಲ್ಲಿ ಗಟ್ಟಿಗೊಂಡಿದೆ.

ಈ ಹಿನ್ನೆಲೆಯ ಕಂಪನ ಎಲ್ಲಿಂದ ಬರುತ್ತದೆಂಬ ಪ್ರಶ್ನೆಗೆ ಉತ್ತರ ಅದರ ಆವೃತ್ತಿಯಲ್ಲಿದೆ. ಆವೃತ್ತಿಯೆಂದರೆ ಒಂದು ಸೆಕೆಂಡಿನಲ್ಲಿ ನಡೆಯುವ ಆಂದೋಲನಗಳ ಸಂಖ್ಯೆ. ಅದರ ಮಾನ ಹರ್ಟ್ಜ್. ಸ್ಥೂಲವಾಗಿ ಹೇಳುವುದಾದರೆ 1 ಹರ್ಟ್ಜ್‌ಗಿಂತ ಮೇಲಿನ ಕಂಪನ ಮನುಷ್ಯರ ಚಟುವಟಿಕೆಯಿಂದ, ಅಂದರೆ ಲಾರಿ, ರೈಲು, ಕಾರ್ಖಾನೆ, ಪಂಪು, ಜನರ ಓಡಾಟಗಳಿಂದ, ಹುಟ್ಟುತ್ತದೆ. ಅದು ಹಗಲು ಏರಿ ರಾತ್ರಿ ಇಳಿಯುತ್ತದೆ, ರಜಾದಿನಗಳಲ್ಲಿ ತಗ್ಗುತ್ತದೆ. 2020ರಲ್ಲಿ ಕೋವಿಡ್ ಲಾಕ್‌ಡೌನ್ ಜಾರಿಯಲ್ಲಿದ್ದಾಗ ಜಗತ್ತಿನ ಹಲವು ಭೂಕಂಪನ ಕೇಂದ್ರಗಳಲ್ಲಿ ಈ ಬಗೆಯ ಕಂಪನ ಅರ್ಧದಷ್ಟು ಇಳಿದದ್ದು ದಾಖಲಾಗಿದೆ. 1 ಹರ್ಟ್ಜ್‌ಗಿಂತ ಕೆಳಗಿನದು ಬಹುಮಟ್ಟಿಗೆ ಸಮುದ್ರದ ಕೊಡುಗೆ. ಅಲೆಗಳು ಸದಾ ಏಳುತ್ತಿರುವುದರಿಂದ ಅದಕ್ಕೆ ಹಗಲು ರಾತ್ರಿಯೆಂಬ ಭೇದವಿಲ್ಲ, ಕರಾವಳಿಯಿಂದ ಸಾವಿರಾರು ಕಿಲೋಮೀಟರ್ ಒಳಗಿನ ಖಂಡದ ನಡುಭಾಗದಲ್ಲೂ ಅದು ತಪ್ಪುವುದಿಲ್ಲ.

ಸಮುದ್ರದ ಈ ಪಾತ್ರವನ್ನು ಕಂಡುಕೊಂಡ ಕಥೆಯಲ್ಲಿ ಭಾರತದ ಪಾಲೂ ಇದೆ; ಅದು ಇನ್ನೂ ಹೆಚ್ಚು ಪರಿಚಿತವಾಗಬೇಕಾದ ಸಂಗತಿ. ಇಟಲಿಯ ಫ್ಲಾರೆನ್ಸ್‌ನಲ್ಲಿ ತಿಮೋತೆಯೊ ಬೆರ್ತೆಲ್ಲಿ ಎಂಬ ಪಾದ್ರಿ 1870ರ ದಶಕದಲ್ಲಿ ತೂಗುಬಿಟ್ಟ ಲೋಲಕದ ತುದಿಯನ್ನು ಸೂಕ್ಷ್ಮದರ್ಶಕದ ಮೂಲಕ ವರ್ಷಗಟ್ಟಲೆ ಗಮನಿಸಿ, ಭೂಕಂಪವಿಲ್ಲದಿದ್ದಾಗಲೂ ಅದು ಅಲುಗುತ್ತದೆಂದೂ ಹವಾಮಾನ ಕೆಟ್ಟಾಗ ಆ ಅಲುಗಾಟ ಹೆಚ್ಚುತ್ತದೆಂದೂ ತೋರಿಸಿದ್ದರು. ಮುಂಬಯಿಯ ಕೊಲಾಬಾ ವೀಕ್ಷಣಾಲಯದ ಹೊಣೆ ಹೊತ್ತಿದ್ದ, ಮುಂದೆ ಭಾರತದ ಹವಾಮಾನ ಇಲಾಖೆಗೆ ಮೊದಲ ಭಾರತೀಯ ಮುಖ್ಯಸ್ಥರಾದ ಸುಧಾಂಶು ಕುಮಾರ್ ಬ್ಯಾನರ್ಜಿಯವರು ಅದೇ ಸಂಗತಿಯನ್ನು ಹಿಂದೂ ಮಹಾಸಾಗರದ ಮುಂಗಾರಿನ ಹಿನ್ನೆಲೆಯಲ್ಲಿ ಪರಿಶೀಲಿಸಿ, 1930ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಪತ್ರಿಕೆಯಲ್ಲಿ ದೀರ್ಘ ಪ್ರಬಂಧವೊಂದನ್ನು ಪ್ರಕಟಿಸಿದರು. ಭಾರತದ ಸುತ್ತಲಿನ ಕಡಲುಗಳಲ್ಲಿ ಹವೆ ಕದಡಿದಾಗ ನೆಲ ಹೇಗೆ ನಡುಗುತ್ತದೆಂಬುದೇ ಅದರ ವಸ್ತು. ಮುಂಗಾರಿನ ಗಾಳಿ ಅರಬ್ಬೀ ಸಮುದ್ರವನ್ನು ಕದಡುವ ಕಾಲದ ಕಂಪನವನ್ನೂ ಚಂಡಮಾರುತಗಳು ಏಳಿಸುವ ಕಂಪನವನ್ನೂ ಅವರು ಬೇರೆಬೇರೆಯಾಗಿ ಗುರುತಿಸಿ, ಇವೆರಡಕ್ಕೂ ಮೂಲ ಸಮುದ್ರದ ಅಲೆಗಳೆಂದು ವಾದಿಸಿದರು.

ಆದರೆ ಒಂದು ತೊಡಕು ಉಳಿದಿತ್ತು. ನೀರಿನ ಮೇಲೆ ಸಾಗುವ ಅಲೆಯ ಒತ್ತಡ ಆಳಕ್ಕೆ ಹೋದಂತೆ ಬೇಗ ಕುಂದುತ್ತದೆ. ಅಲೆಯ ಎರಡು ಶಿಖರಗಳ ನಡುವಿನ ದೂರದ ಅರ್ಧದಷ್ಟು ಆಳದಲ್ಲಿ ಅದು ಮೇಲಿನ ಒತ್ತಡದ ಇಪ್ಪತ್ತರಲ್ಲಿ ಒಂದು ಪಾಲೂ ಉಳಿಯುವುದಿಲ್ಲ. ಹಾಗಿರುವಾಗ ಮೂರು ನಾಲ್ಕು ಕಿಲೋಮೀಟರ್ ಆಳದ ಸಾಗರದ ತಳವನ್ನು ಅದು ಬಡಿಯುವುದು ಹೇಗೆ? ದಾಖಲಾದ ಪ್ರಮುಖ ಕಂಪನದ ಅವಧಿ ಸಮುದ್ರದ ಅಲೆಗಳ ಅವಧಿಯ ಅರ್ಧದಷ್ಟೇ ಇರುವುದಕ್ಕೆ ಕಾರಣವೇನು? ಬ್ಯಾನರ್ಜಿಯವರ ಪ್ರಬಂಧ ಬಂದ 20 ವರ್ಷಗಳ ಬಳಿಕ, 1950ರಲ್ಲಿ, ಅದೇ ಪತ್ರಿಕೆಯಲ್ಲಿ ಇಂಗ್ಲೆಂಡಿನ ಗಣಿತಜ್ಞ ಮೈಕೇಲ್ ಲಾಂಗೆಟ್-ಹಿಗಿನ್ಸ್ ಇವೆರಡು ಪ್ರಶ್ನೆಗಳಿಗೂ ಒಟ್ಟಿಗೇ ಉತ್ತರ ಕೊಟ್ಟರು. ಒಂದೇ ಅವಧಿಯ ಅಲೆಗಳು ಎದುರುಬದುರು ದಿಕ್ಕುಗಳಿಂದ ಬಂದು ಸೇರುವ ಕಡೆ, ಉದಾಹರಣೆಗೆ ದಡಕ್ಕೆ ಬಡಿದು ಹಿಂದಿರುಗುವ ಅಲೆ ಮುಂದೆ ಬರುವ ಅಲೆಯನ್ನು ಎದುರಿಸುವಲ್ಲಿ, ಇಡೀ ನೀರಿನ ರಾಶಿಯ ಗುರುತ್ವಕೇಂದ್ರ ಒಂದು ಅಲೆಯ ಅವಧಿಯಲ್ಲಿ ಎರಡು ಬಾರಿ ಏರಿಳಿಯುತ್ತದೆ. ಅದರಿಂದ ಹುಟ್ಟುವ ಒತ್ತಡ ಆಳದಲ್ಲಿ ಕುಂದದೆ ತಳದವರೆಗೂ ಮುಟ್ಟುತ್ತದೆ. 10ರಿಂದ 16 ಸೆಕೆಂಡ್ ಅವಧಿಯ ಅಲೆಗಳು 5ರಿಂದ 8 ಸೆಕೆಂಡ್ ಅವಧಿಯ ನಡುಕವನ್ನು ನೆಲದಲ್ಲಿ ಎಬ್ಬಿಸುವುದು ಹೀಗೆ. ಜಗತ್ತಿನ ಯಾವ ಮಾಪಕದಲ್ಲಾದರೂ ಎದ್ದುಕಾಣುವ ಹಿನ್ನೆಲೆಯ ಕಂಪನ ಇದೇ.

ಮೂಲ ತಿಳಿದ ಮೇಲೂ ಈ ಕಂಪನವನ್ನು ನೋಡುವ ದೃಷ್ಟಿ ಬದಲಾಗಲಿಲ್ಲ. ಬೆಂಗಳೂರಿನ ಉತ್ತರಕ್ಕಿರುವ ಗೌರಿಬಿದನೂರಿನ ಬಳಿ 1965ರಲ್ಲಿ ಭಾಭಾ ಅಣುಶಕ್ತಿ ಸಂಶೋಧನಾ ಕೇಂದ್ರ ಬ್ರಿಟನ್ನಿನ ಸಹಕಾರದಿಂದ ಸ್ಥಾಪಿಸಿದ ಭೂಕಂಪನಮಾಪಕಗಳ ಸಾಲು ಇದಕ್ಕೆ ಒಳ್ಳೆಯ ನಿದರ್ಶನ. ದೂರದೇಶಗಳಲ್ಲಿ ನಡೆಯುವ ಭೂಗತ ಅಣುಸ್ಫೋಟಗಳನ್ನು ಗುರುತಿಸುವುದು ಅದರ ಉದ್ದೇಶವಾಗಿತ್ತು. ಪುರಾತನವಾದ ಗಟ್ಟಿ ಶಿಲೆ ಇರುವ, ಕಡಲಿನಿಂದಲೂ ದೊಡ್ಡ ಊರುಗಳಿಂದಲೂ ದೂರವಾದ ನೆಲವನ್ನು ಹುಡುಕಿ, ಎರಡು ತೋಳುಗಳಾಗಿ ಚಾಚಿದ ಸಾಲುಗಳಲ್ಲಿ 20 ಮಾಪಕಗಳನ್ನು ನೆಡಲಾಯಿತು. ಸ್ಫೋಟದ ಅಲೆ ಎಲ್ಲ ಮಾಪಕಗಳನ್ನೂ ನಿಶ್ಚಿತ ಕ್ರಮದಲ್ಲಿ ಹಾದುಹೋಗುತ್ತದೆ, ಹಿನ್ನೆಲೆಯ ನಡುಕ ಮಾತ್ರ ಒಂದೊಂದು ಕಡೆ ಒಂದೊಂದು ಬಗೆಯಾಗಿರುತ್ತದೆ. ಆದ್ದರಿಂದ ದಾಖಲೆಗಳನ್ನು ತಕ್ಕಷ್ಟು ಹಿಂದುಮುಂದಾಗಿ ಸರಿಸಿ ಕೂಡಿಸಿದರೆ ಸಂಕೇತ ಬೆಳೆಯುತ್ತದೆ, ನಡುಕ ಪರಸ್ಪರ ಅಳಿಸಿಕೊಳ್ಳುತ್ತದೆ. ಮಾಪಕಗಳ ಸಂಖ್ಯೆಯ ವರ್ಗಮೂಲದಷ್ಟು ಲಾಭ ಇದರಿಂದ ದೊರೆಯುತ್ತದೆಂಬುದು ಲೆಕ್ಕ. 20 ಮಾಪಕಗಳಿಗೆ ಅದು ಸುಮಾರು ನಾಲ್ಕೂವರೆ ಪಟ್ಟು. ಸರಿಸಿ ಕೂಡಿಸುವ ಇದೇ ತಂತ್ರವನ್ನು ನಡುಕವನ್ನು ಅಳಿಸಲು ಬಳಸದೆ ನಡುಕಕ್ಕೇ ಅನ್ವಯಿಸಿದರೆ ಏನಾಗುತ್ತದೆಂಬುದು ಮುಂದಿನ ಹೆಜ್ಜೆ.

ಆ ಹೆಜ್ಜೆಯನ್ನು ಗೌರಿಬಿದನೂರಿನ ಸಾಲಿಗೂ ಮೊದಲೇ ಇಟ್ಟವರು ಜಪಾನಿನ ಕೇಯಿಟಿ ಆಕಿ. 1957ರಲ್ಲಿ ಪ್ರಕಟವಾದ ಅವರ ಪ್ರಬಂಧ, ಗೊತ್ತುಗುರಿಯಿಲ್ಲದೆ ಎಲ್ಲ ದಿಕ್ಕುಗಳಿಂದ ಹರಿದುಬರುವ ಸಣ್ಣ ಕಂಪನಗಳನ್ನು ಒಂದು ವೃತ್ತದ ಮೇಲಿಟ್ಟ ಮಾಪಕಗಳಿಂದ ದಾಖಲಿಸಿ, ಆ ದಾಖಲೆಗಳ ಪರಸ್ಪರ ಹೋಲಿಕೆಯ ಸರಾಸರಿಯಿಂದ ಅಲೆಗಳ ವೇಗವನ್ನು ಕಂಡುಹಿಡಿಯಬಹುದೆಂದು ಗಣಿತದ ಮೂಲಕ ಸಾಧಿಸಿತು. ಯಾವ ಅಲೆ ಎಲ್ಲಿಂದ ಬಂದಿತೆಂದು ತಿಳಿಯಬೇಕಾದ ಅಗತ್ಯವೇ ಇಲ್ಲ. ಅಲೆಗಳು ಸಾಕಷ್ಟು ದಿಕ್ಕುಗಳಿಂದ ಬಂದರೆ ಸಾಕು. 1968ರಲ್ಲಿ ಅಮೆರಿಕದ ಜಾನ್ ಕ್ಲೇರ್‌ಬೌಟ್ ಪದರಪದರವಾದ ನೆಲಕ್ಕೆ ಸಂಬಂಧಿಸಿ ಇದಕ್ಕೆ ಹತ್ತಿರದ ಫಲಿತಾಂಶವನ್ನು ಮುಂದಿಟ್ಟರು. ಆದರೆ ತಿಂಗಳುಗಟ್ಟಲೆಯ ದಾಖಲೆಯನ್ನು ಅಂಕಿಗಳಾಗಿ ಕೂಡಿಟ್ಟು ಲೆಕ್ಕ ಹಾಕುವ ಯಂತ್ರಗಳು ಆ ಕಾಲದಲ್ಲಿ ಇಲ್ಲದಿದ್ದುದರಿಂದ ಈ ಹೊಳಹುಗಳು ಬಹುಕಾಲ ಸಣ್ಣ ವಲಯವೊಂದರಲ್ಲೇ ಉಳಿದವು.

ಈ ವಿಧಾನದ ತಿರುಳಾದ ಸಹಸಂಬಂಧ ಎಂಬ ಲೆಕ್ಕವನ್ನು ತುಸು ಬಿಡಿಸಿ ನೋಡುವುದು ಅಗತ್ಯ, ಏಕೆಂದರೆ ಮುಂದಿನ ಬಹುಪಾಲು ಅದರ ಮೇಲೆಯೇ ನಿಂತಿದೆ. ಪರಸ್ಪರ 90 ಕಿಲೋಮೀಟರ್ ದೂರದಲ್ಲಿ ಎರಡು ಮಾಪಕಗಳಿವೆಯೆಂದೂ ಅವುಗಳ ನಡುವಿನ ನೆಲದಲ್ಲಿ ಮೇಲ್ಮೈ ಅಲೆ, ಅಂದರೆ ಆಳಕ್ಕಿಳಿಯದೆ ನೆಲದ ಮೇಲ್ಪದರಗಳಲ್ಲಿ ಹರಡುವ ಅಲೆ, ಸೆಕೆಂಡಿಗೆ 3 ಕಿಲೋಮೀಟರ್ ವೇಗದಲ್ಲಿ ಸಾಗುತ್ತದೆಂದೂ ಇಟ್ಟುಕೊಳ್ಳಬಹುದು. ಎರಡನ್ನೂ ಜೋಡಿಸುವ ಗೆರೆಯ ನೇರದಲ್ಲಿ ಬರುವ ಯಾವುದೇ ಅಲೆ ಮೊದಲನೆಯದನ್ನು ಅಲುಗಿಸಿದ 30 ಸೆಕೆಂಡುಗಳ ಬಳಿಕ ಎರಡನೆಯದನ್ನು ಅಲುಗಿಸುತ್ತದೆ. ಎರಡನೆಯ ದಾಖಲೆಯನ್ನು ಸ್ವಲ್ಪಸ್ವಲ್ಪವೇ ಹಿಂದಕ್ಕೆ ಸರಿಸುತ್ತ, ಪ್ರತಿ ಸಲವೂ ಎರಡೂ ದಾಖಲೆಗಳ ಒಂದೊಂದು ಕ್ಷಣದ ಅಂಕಿಗಳನ್ನು ಗುಣಿಸಿ ಎಲ್ಲವನ್ನೂ ಕೂಡಿಸಿದರೆ, 30 ಸೆಕೆಂಡ್ ಸರಿಸಿದಾಗ ಏರು ಏರಿಗೂ ಇಳಿವು ಇಳಿವಿಗೂ ಹೊಂದಿ ಮೊತ್ತ ದೊಡ್ಡದಾಗುತ್ತದೆ. ಗೆರೆಯಿಂದ 10 ಡಿಗ್ರಿ ಓರೆಯಾಗಿ ಬಂದ ಅಲೆಗೂ ಈ ಅಂತರ ಇಪ್ಪತ್ತೊಂಬತ್ತೂವರೆ ಸೆಕೆಂಡಿನಷ್ಟೇ ಆಗುವುದರಿಂದ ಅದೂ ಇದೇ ಮೊತ್ತಕ್ಕೆ ಸೇರಿಕೊಳ್ಳುತ್ತದೆ. ಅಡ್ಡಡ್ಡವಾಗಿ ಬಂದ ಅಲೆಗಳ ಅಂತರ ಮಾತ್ರ ದಿಕ್ಕು ಕೊಂಚ ಬದಲಾದರೂ ಬಹಳ ಬದಲಾಗುತ್ತದೆ. ಆದ್ದರಿಂದ ಅವು ಎಲ್ಲೆಲ್ಲೋ ಹರಡಿ ಪರಸ್ಪರ ಅಳಿಸಿಹೋಗುತ್ತವೆ.

ಒಂದು ಗಂಟೆಯ ದಾಖಲೆಯಲ್ಲಿ ಈ ಶಿಖರ ಕಾಣದಿರಬಹುದು; ಒಂದು ತಿಂಗಳ ದಾಖಲೆಯಲ್ಲಿ ಅದು ಸ್ಪಷ್ಟವಾಗಿ ಏಳುತ್ತದೆ. ಹೀಗೆ ದೊರೆತ ರೇಖೆ, ಮೊದಲನೆಯ ಮಾಪಕವಿದ್ದ ಜಾಗದಲ್ಲಿಯೇ ನೆಲಕ್ಕೆ ಒಂದು ಪೆಟ್ಟು ಕೊಟ್ಟು ಅದರ ಅಲೆಯನ್ನು ಎರಡನೆಯ ಮಾಪಕದಲ್ಲಿ ದಾಖಲಿಸಿದ್ದರೆ ಹೇಗಿರುತ್ತಿತ್ತೋ ಹೆಚ್ಚುಕಡಿಮೆ ಹಾಗೆಯೇ ಇರುತ್ತದೆ. ಯಾರೂ ಪೆಟ್ಟು ಕೊಟ್ಟಿಲ್ಲ, ಸಿಡಿಮದ್ದು ಸಿಡಿದಿಲ್ಲ, ಭೂಕಂಪವೂ ಆಗಿಲ್ಲ. ಆದರೂ ನೆಲ ಆ ಎರಡು ಬಿಂದುಗಳ ನಡುವೆ ಅಲೆಯನ್ನು ಹೇಗೆ ಸಾಗಿಸುತ್ತದೆಂಬ ಪೂರ್ಣ ವಿವರ ಕೈಸೇರುತ್ತದೆ. ಭೌತವಿಜ್ಞಾನ ಕಂಡ ಅತ್ಯಂತ ಸುಂದರ ಫಲಿತಾಂಶಗಳ ಸಾಲಿನಲ್ಲಿ ಇದನ್ನು ಸೇರಿಸಬೇಕು. ಇಲಿನಾಯ್ ವಿಶ್ವವಿದ್ಯಾಲಯದ ರಿಚರ್ಡ್ ವೀವರ್ ಮತ್ತು ಓಲೆಗ್ ಲಾಬ್ಕಿಸ್ 2001ರಲ್ಲಿ ಇದನ್ನು ಅಲ್ಯೂಮಿನಿಯಂ ತುಂಡೊಂದರಲ್ಲಿ ಸಾಧಿಸಿ ತೋರಿಸಿದಾಗ ಅವರು ಬಳಸಿದ ಸದ್ದು, ಲೋಹದ ತಾಪದಿಂದಲೇ ಅದರ ಕಣಗಳಲ್ಲಿ ಸದಾ ನಡೆಯುವ ನಡುಕ. ಪರಮಾಣುವಿನ ಗಾತ್ರಕ್ಕಿಂತ ಎಷ್ಟೋ ಕಿರಿದಾದ ಚಲನೆ ಅದು.

ನೆಲದ ಮಟ್ಟಿಗೆ ನಿರ್ಣಾಯಕವಾದ ಪ್ರಯೋಗ 2005ರಲ್ಲಿ ಬಂದಿತು. ನಿಕೊಲಾಯ್ ಶಾಪಿರೊ, ಮಿಶೆಲ್ ಕಂಪಿಯೊ ಮತ್ತು ಸಹೋದ್ಯೋಗಿಗಳು ಕ್ಯಾಲಿಫೋರ್ನಿಯದ ಕೇಂದ್ರಗಳಲ್ಲಿ ಒಂದು ತಿಂಗಳು ದಾಖಲಾದ ಹಿನ್ನೆಲೆಯ ಕಂಪನವನ್ನು ಮಾತ್ರ ತೆಗೆದುಕೊಂಡು, ಜೋಡಿಜೋಡಿಯಾಗಿ ಸಹಸಂಬಂಧದ ಲೆಕ್ಕ ಮಾಡಿ, ನೂರಾರು ಹಾದಿಗಳ ಮೇಲಿನ ಅಲೆಯ ವೇಗವನ್ನು ಪಡೆದು, ಅವುಗಳಿಂದ ನಕ್ಷೆಯೊಂದನ್ನು ಕಟ್ಟಿದರು. ಮೆಕ್ಕಲು ತುಂಬಿದ ತಗ್ಗುಪ್ರದೇಶಗಳು ನಿಧಾನಗತಿಯ ವಲಯಗಳಾಗಿಯೂ ಪರ್ವತಶ್ರೇಣಿಗಳ ಅಗ್ನಿಶಿಲೆಯ ಒಡಲು ವೇಗದ ವಲಯಗಳಾಗಿಯೂ ಅದರಲ್ಲಿ ಮೂಡಿದ್ದವು. ಭೂವಿಜ್ಞಾನಿಗಳು ಬೇರೆ ವಿಧಾನಗಳಿಂದ ಅರಿತಿದ್ದ ರಚನೆಯೊಂದಿಗೆ ಅದು ಹೊಂದಿಕೊಂಡಿತು. ದೀರ್ಘ ಅವಧಿಯ ಅಲೆ ಹೆಚ್ಚು ಆಳದವರೆಗಿನ ಶಿಲೆಯನ್ನು ಮುಟ್ಟಿಕೊಂಡು ಸಾಗುವುದರಿಂದ ಬೇರೆಬೇರೆ ಅವಧಿಗಳ ವೇಗವನ್ನು ಹೋಲಿಸಿ ಆಳದ ಪದರಗಳನ್ನೂ ಬಿಡಿಸಬಹುದು. ಭೂಕಂಪಗಳು ಅಪರೂಪವಾಗಿರುವ ಪ್ರದೇಶಗಳಿಗೆ ಇದರಿಂದ ವಿಶೇಷ ಪ್ರಯೋಜನವಿದೆ, ಏಕೆಂದರೆ ಅಲ್ಲಿ ನೆಲದೊಳಗನ್ನು ನೋಡಲು ಭೂಕಂಪಕ್ಕಾಗಿ ಕಾಯಬೇಕಾಗಿಲ್ಲ. ಕಡಲೂ ಗಾಳಿಯೂ ಇಲ್ಲದ ಚಂದ್ರನ ಮೇಲೂ ಇದು ಫಲಿಸಿದೆ: 1972ರಲ್ಲಿ ಅಪೊಲೊ 17ರ ಯಾತ್ರಿಗಳು ಬಿಟ್ಟುಬಂದ ಮಾಪಕಗಳ ಹಳೆಯ ದಾಖಲೆಗಳಿಂದ, ಬಿಸಿಲು ಬಿದ್ದು ಕಾಯ್ದು ತಣಿಯುವ ಚಂದ್ರನ ನೆಲದ ಸಣ್ಣ ಬಿರುಕುಸದ್ದುಗಳನ್ನು ಬಳಸಿಕೊಂಡು, ಅಲ್ಲಿನ ಮೇಲ್ಪದರದ ರಚನೆಯನ್ನು 2005ರಲ್ಲಿ ಅಂದಾಜು ಮಾಡಲಾಯಿತು.

ಹಿನ್ನೆಲೆಯ ಕಂಪನ ಎಂದೂ ನಿಲ್ಲದಿರುವುದರಿಂದ ಇನ್ನೊಂದು ಅನುಕೂಲವಿದೆ: ಒಂದೇ ಅಳತೆಯನ್ನು ದಿನದಿನವೂ ಮಾಡುತ್ತ ಹೋಗಬಹುದು. ಹಿಂದೂ ಮಹಾಸಾಗರದ ರೀಯೂನಿಯನ್ ದ್ವೀಪದಲ್ಲಿರುವ ಪಿಟೋನ್ ದ ಲಾ ಫೂರ್ನೇಸ್ ಎಂಬ ಜ್ವಾಲಾಮುಖಿಯ ದಾಖಲೆಗಳನ್ನು ಹೀಗೆ ಪರಿಶೀಲಿಸಿದ ಫ್ಲೋರಾಂ ಬ್ರೆಂಗಿಯೆ ಮತ್ತು ಸಂಗಡಿಗರು, ಸ್ಫೋಟಗಳಿಗೆ ಮುನ್ನ ಅಲೆಯ ವೇಗ ಶೇಕಡಾ 0.1ರಷ್ಟು ಇಳಿಯುತ್ತದೆಂದು 2008ರಲ್ಲಿ ವರದಿ ಮಾಡಿದರು. ಶಿಲಾರಸ ಮೇಲಕ್ಕೆ ಒತ್ತಿ ಬರುವಾಗ ಬೆಟ್ಟದ ಮೈ ಉಬ್ಬಿ ಅದರ ಸಣ್ಣ ಬಿರುಕುಗಳು ತೆರೆದುಕೊಳ್ಳುವುದು ಇದಕ್ಕೆ ಕಾರಣ. ಸಾವಿರಕ್ಕೆ ಒಂದರಷ್ಟು ಬದಲಾವಣೆಯನ್ನು ಅಳೆಯುವುದು ಸಾಧ್ಯವಾದದ್ದು, ನೇರವಾಗಿ ಬಂದ ಅಲೆಯನ್ನು ಬಿಟ್ಟು, ಶಿಲೆಯೊಳಗೆ ಅಲ್ಲಲ್ಲಿ ಚೆದುರಿ ಸುತ್ತಾಡಿ ತಡವಾಗಿ ಬರುವ ಬಾಲದ ಭಾಗವನ್ನು ನೋಡಿದ್ದರಿಂದ. 50 ಸೆಕೆಂಡ್ ಸುತ್ತಾಡಿ ಬಂದ ಅಲೆಯಲ್ಲಿ ಆ ಬದಲಾವಣೆ ಸೆಕೆಂಡಿನ ಇಪ್ಪತ್ತರಲ್ಲಿ ಒಂದು ಪಾಲಿನ ತಡವಾಗಿ ಒಟ್ಟುಗೂಡುತ್ತದೆ, ಅಷ್ಟನ್ನು ಅಳೆಯುವುದು ಕಷ್ಟವಲ್ಲ. ಇಂಡೊನೇಷ್ಯದ ಮೆರಾಪಿ ಬೆಟ್ಟದಲ್ಲಿ ಮಳೆಗಾಲದೊಂದಿಗೆ ಏರಿಳಿಯುವ ಅಂತರ್ಜಲವೂ, ಕ್ಯಾಲಿಫೋರ್ನಿಯದ ಸ್ಯಾನ್ ಗೇಬ್ರಿಯೆಲ್ ಕಣಿವೆಯಲ್ಲಿ ಬರಗಾಲದಿಂದ ಕುಸಿದ ಅಂತರ್ಜಲವೂ ಇದೇ ರೀತಿ ಅಲೆಯ ವೇಗದಲ್ಲಿ ಕಾಣಿಸಿಕೊಂಡಿವೆ. ಕೊಳವೆಬಾವಿಯೊಂದು ತಾನಿರುವ ಜಾಗದ ನೀರಿನ ಮಟ್ಟವನ್ನಷ್ಟೇ ಹೇಳುತ್ತದೆ. ಈ ಅಳತೆ ಎರಡು ಮಾಪಕಗಳ ನಡುವಿನ ಇಡೀ ಹರವಿನ ವಿಚಾರ ಹೇಳುತ್ತದೆ. ಅಂತರ್ಜಲವನ್ನೇ ನೆಚ್ಚಿಕೊಂಡ ಒಳನಾಡಿನ ಜಿಲ್ಲೆಗಳಲ್ಲಿ ಇದನ್ನು ಪ್ರಯೋಗಿಸಿ ನೋಡುವುದು ಯೋಗ್ಯವಾದ ಕೆಲಸ.

ನಗರಗಳ ಮಟ್ಟಿಗೆ ಇದಕ್ಕಿಂತ ಸರಳವಾದ, ಒಂದೇ ಮಾಪಕ ಸಾಕಾಗುವ ವಿಧಾನವೊಂದಿದೆ. ಗಟ್ಟಿ ಬಂಡೆಯ ಮೇಲೆ ಮೆದು ಮಣ್ಣಿನ ಪದರವಿದ್ದರೆ ಆ ಪದರ ತನ್ನದೇ ಆದ ಒಂದು ಆವೃತ್ತಿಯಲ್ಲಿ ಹೆಚ್ಚು ತೂಗಾಡುತ್ತದೆ. ಅಡ್ಡ ಅಲೆಯ, ಅಂದರೆ ಸಾಗುವ ದಿಕ್ಕಿಗೆ ಅಡ್ಡವಾಗಿ ಮಣ್ಣನ್ನು ಅಲುಗಿಸುವ ಅಲೆಯ, ವೇಗವನ್ನು ಪದರದ ದಪ್ಪದ ನಾಲ್ಕರಷ್ಟರಿಂದ ಭಾಗಿಸಿದರೆ ಆ ಆವೃತ್ತಿ ದೊರೆಯುತ್ತದೆ. ಮೆಕ್ಸಿಕೊ ನಗರದ ಬಹುಭಾಗ ನಿಂತಿರುವ ಹಳೆಯ ಸರೋವರದ ಜೇಡಿಯಲ್ಲಿ ಅಲೆಯ ವೇಗ ಸೆಕೆಂಡಿಗೆ 80 ಮೀಟರ್, ಜೇಡಿಯ ದಪ್ಪ 40 ಮೀಟರ್ ಎಂದು ತೆಗೆದುಕೊಂಡರೆ ಆವೃತ್ತಿ ಅರ್ಧ ಹರ್ಟ್ಜ್, ಅಂದರೆ ಒಂದು ತೂಗಾಟಕ್ಕೆ 2 ಸೆಕೆಂಡ್. 1985ರ ಸೆಪ್ಟೆಂಬರ್ 19ರಂದು 350 ಕಿಲೋಮೀಟರಿಗೂ ದೂರದ ಪೆಸಿಫಿಕ್ ಕರಾವಳಿಯಲ್ಲಿ ಆದ 8.0 ಪ್ರಮಾಣದ ಭೂಕಂಪ ಆ ಸರೋವರದ ತಳವನ್ನು ಇದೇ 2 ಸೆಕೆಂಡಿನ ಲಯದಲ್ಲಿ ತೂಗಿತು. ಆ ಲಯಕ್ಕೆ ಸಮೀಪವಿದ್ದ, ಬಿರುಕು ಬಿಟ್ಟು ಸಡಿಲಗೊಂಡಂತೆ ಇನ್ನೂ ಸಮೀಪಕ್ಕೆ ಬಂದ ಮಧ್ಯಮ ಎತ್ತರದ ಬಹುಮಹಡಿ ಕಟ್ಟಡಗಳು ಹೆಚ್ಚಾಗಿ ಕುಸಿದವು. ಅದೇ ನಗರದ ಗಟ್ಟಿ ನೆಲದ ಮೇಲಿದ್ದ ಬಡಾವಣೆಗಳಲ್ಲಿ ಹಾನಿ ಅಷ್ಟಾಗಿ ಆಗಲಿಲ್ಲ. ಸಾವಿರಾರು ಜನ ಪ್ರಾಣ ಕಳೆದುಕೊಂಡ ಆ ದುರಂತದ ಬಳಿಕ, ಪ್ರತಿ ಬಡಾವಣೆಯ ನೆಲದ ಲಯವನ್ನು ಮೊದಲೇ ತಿಳಿದಿಡಬೇಕೆಂಬುದು ನಗರ ಯೋಜನೆಯ ಪ್ರಶ್ನೆಯಾಯಿತು.

ಜಪಾನಿನ ರೈಲ್ವೆ ತಾಂತ್ರಿಕ ಸಂಶೋಧನಾ ಸಂಸ್ಥೆಯ ಯುತಾಕ ನಕಮುರ, ತಮ್ಮ ದೇಶದ ಹಿಂದಿನ ಸಂಶೋಧಕರ ಕೆಲಸವನ್ನು ಮುಂದುವರಿಸಿ, 1989ರಲ್ಲಿ ಈ ಲಯವನ್ನು ಹಿನ್ನೆಲೆಯ ಕಂಪನದಿಂದಲೇ ಓದುವ ಮಾರ್ಗವನ್ನು ಪ್ರಚಾರಕ್ಕೆ ತಂದರು. ನೆಲದ ಚಲನೆಯನ್ನು ಲಂಬವಾಗಿ ಒಂದು, ಮಟ್ಟಸವಾಗಿ ಎರಡು, ಹೀಗೆ ಮೂರು ದಿಕ್ಕುಗಳಲ್ಲಿ ಅಳೆದು, ಪ್ರತಿ ಆವೃತ್ತಿಗೂ ಮಟ್ಟಸ ಚಲನೆಯನ್ನು ಲಂಬ ಚಲನೆಯಿಂದ ಭಾಗಿಸಿದರೆ ಮೆದು ಪದರದ ಸಹಜ ಆವೃತ್ತಿಯ ಬಳಿ ಭಾಗಲಬ್ಧ ಎತ್ತರದ ಶಿಖರವಾಗಿ ಏಳುತ್ತದೆ. ಶಿಖರ ಎಲ್ಲಿದೆಯೆಂಬುದು ನಂಬಲರ್ಹವಾದ ಮಾಹಿತಿ. ಅದರ ಎತ್ತರವನ್ನು ಭೂಕಂಪದಲ್ಲಿ ಅಲುಗಾಟ ಎಷ್ಟು ಪಟ್ಟು ಹೆಚ್ಚುತ್ತದೆಂಬುದರ ಅಳತೆಯೆಂದು ತೆಗೆದುಕೊಳ್ಳುವ ರೂಢಿ ಅಲ್ಲಲ್ಲಿ ಉಂಟು. ಅದಕ್ಕೆ ಆಧಾರ ಸಾಲದು, ಅಂಥ ಅಂಕಿಯ ಮೇಲೆ ಕಟ್ಟಡದ ವಿನ್ಯಾಸವನ್ನು ನಿಲ್ಲಿಸುವುದು ಅಪಾಯಕರ.

ಕೆಲಸದ ಜಾಗದಲ್ಲಿ ಈ ಅಳತೆ ನೋಡಲು ಬಲು ಸರಳ. ಎರಡು ಕೈಗಳಲ್ಲಿ ಹಿಡಿಯಬಹುದಾದ ಮಾಪಕವನ್ನು ಅದರ ಮೂರು ಕಾಲುಗಳ ಮೇಲೆ ನಿಲ್ಲಿಸಿ, ಅದರ ನೆತ್ತಿಯ ರಸಮಟ್ಟದ ಗುಳ್ಳೆ ವೃತ್ತದ ನಡುವೆ ನಿಲ್ಲುವವರೆಗೆ ಕಾಲುಗಳ ತಿರುಪುಗಳನ್ನು ತಿರುಗಿಸಿ, ಬಾಣದ ಗುರುತನ್ನು ಉತ್ತರಕ್ಕೆ ಹೊಂದಿಸಿ, ಗಾಳಿ ತಾಗದಂತೆ ಮುಚ್ಚಿ, ಸುಮಾರು ಅರ್ಧ ಗಂಟೆ ಬಿಟ್ಟರೆ ಸಾಕು. ತಪ್ಪುಗಳು ನುಸುಳುವುದು ಸಣ್ಣ ವಿಷಯಗಳಲ್ಲಿ: ಕಾಲಿನ ಕೆಳಗೆ ಹುಲ್ಲಿನ ಗಡ್ಡೆ ಸಿಕ್ಕಿಕೊಂಡರೆ, ಹಸಿ ಮಣ್ಣಿನಲ್ಲಿ ಒಂದು ಕಾಲು ಇಳಿದರೆ, ಹತ್ತಿರದ ಮರದ ಬೇರು ಗಾಳಿಗೆ ನೆಲವನ್ನು ಜಗ್ಗಿದರೆ ಕಡಿಮೆ ಆವೃತ್ತಿಯ ಸುಳ್ಳು ಶಿಖರಗಳು ಹುಟ್ಟುತ್ತವೆ. ಪಕ್ಕದಲ್ಲಿ ಪಂಪು ಅಥವಾ ಜನರೇಟರ್ ಓಡುತ್ತಿದ್ದರೆ ಸೂಜಿಯಂತೆ ಕಿರಿದಾದ ಶಿಖರ ಮೂಡುತ್ತದೆ. ಅದು ಮೂರೂ ದಿಕ್ಕುಗಳ ದಾಖಲೆಯಲ್ಲಿ ಒಂದೇ ಆವೃತ್ತಿಯಲ್ಲಿ ಕಾಣುವುದರಿಂದ ಅನುಭವಿಗಳು ಅದನ್ನು ಬೇಗ ಗುರುತಿಸುತ್ತಾರೆ. ದಾಖಲೆಯನ್ನು ತುಣುಕುಗಳಾಗಿ ಕತ್ತರಿಸುವಾಗ ಪ್ರತಿ ತುಣುಕಿನಲ್ಲೂ ಹುಡುಕುತ್ತಿರುವ ತೂಗಾಟದ ಕನಿಷ್ಠ 10 ಸುತ್ತುಗಳಾದರೂ ಇರಬೇಕೆಂಬುದು ಯೂರೋಪಿನ ಸಂಶೋಧಕರು 2004ರಲ್ಲಿ ರೂಪಿಸಿದ ಮಾರ್ಗಸೂಚಿಯ ನಿಯಮಗಳಲ್ಲೊಂದು.

ಬೆಂಗಳೂರಿನಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಟಿ. ಜಿ. ಸೀತಾರಾಮ್ ಮತ್ತು ಪಿ. ಅನ್ಬಳಗನ್ ಅವರು 2000ದ ದಶಕದಲ್ಲಿ ನಗರದ ನೆಲದ ಭೂಕಂಪ-ಸ್ಪಂದನೆಯ ನಕ್ಷೆಗಳನ್ನು ಸಿದ್ಧಪಡಿಸಿದಾಗ, ಸುತ್ತಿಗೆಯ ಪೆಟ್ಟಿನಿಂದ ಎಬ್ಬಿಸಿದ ಮೇಲ್ಮೈ ಅಲೆಗಳ ಅಳತೆಯನ್ನೂ ಹಿನ್ನೆಲೆಯ ಕಂಪನದ ಅಳತೆಯನ್ನೂ ಬಳಸಿಕೊಂಡರು. ಬೆಂಗಳೂರು ಗ್ರಾನೈಟ್ ಜಾತಿಯ ಪುರಾತನ ಶಿಲೆಯ ಮೇಲೆ ನಿಂತ ಊರು. ಬಹುಕಡೆ ಮಣ್ಣಿನ ಪದರ ತೆಳು, ಆದ್ದರಿಂದ ನೆಲದ ಸಹಜ ಆವೃತ್ತಿ ಮೆಕ್ಸಿಕೊಗಿಂತ ಬಹಳ ಹೆಚ್ಚು. ಆದರೆ ಇದು ಕೆರೆಗಳನ್ನು ಮುಚ್ಚಿ ಬೆಳೆದ ಊರೂ ಹೌದು. ಧರ್ಮಾಂಬುಧಿ ಕೆರೆ ಇದ್ದ ಜಾಗದಲ್ಲಿ ಕೆಂಪೇಗೌಡ ಬಸ್ ನಿಲ್ದಾಣವಿದೆ, ಸಂಪಂಗಿ ಕೆರೆಯ ಅಂಗಳದಲ್ಲಿ ಕಂಠೀರವ ಕ್ರೀಡಾಂಗಣವಿದೆ. ಅಲೆಯ ವೇಗ ಸೆಕೆಂಡಿಗೆ 240 ಮೀಟರ್ ಇರುವ 10 ಮೀಟರ್ ದಪ್ಪದ ಮಣ್ಣು 6 ಹರ್ಟ್ಜ್‌ನಲ್ಲಿ ತೂಗಿದರೆ, ವೇಗ 150 ಮೀಟರ್ ಇರುವ 15 ಮೀಟರ್ ದಪ್ಪದ ತುಂಬುಮಣ್ಣು ಎರಡೂವರೆ ಹರ್ಟ್ಜ್‌ನಲ್ಲಿ ತೂಗುತ್ತದೆ. ಮಹಡಿಯೊಂದಕ್ಕೆ ಸೆಕೆಂಡಿನ ಹತ್ತರಲ್ಲಿ ಒಂದು ಪಾಲು ಎಂಬ ಸ್ಥೂಲ ಲೆಕ್ಕದಂತೆ ಮೊದಲನೆಯದು ಒಂದೆರಡು ಅಂತಸ್ತಿನ ಮನೆಯ ಲಯ, ಎರಡನೆಯದು ನಾಲ್ಕು ಅಂತಸ್ತಿನ ಕಟ್ಟಡದ ಲಯ. ಒಂದೇ ನಗರದೊಳಗೆ ಇಷ್ಟು ಅಂತರ ಇರಬಹುದಾದ್ದರಿಂದ ಬೀದಿಬೀದಿಯ ಅಳತೆ ಅಗತ್ಯವಾಗುತ್ತದೆ. ಜನನಿಬಿಡ ಬೀದಿಯಲ್ಲಿ ಬೋರು ಕೊರೆಯುವುದಕ್ಕಿಂತ ಅರ್ಧ ಗಂಟೆ ಮಾಪಕ ಇಡುವುದು ಸುಲಭ.

ಕಟ್ಟಡಗಳ ವಿಷಯದಲ್ಲೂ ತರ್ಕ ಇದೇ. ಸಂತೆಯಲ್ಲಿ ಮಡಕೆ ಕೊಳ್ಳುವವರು ಬೆರಳಿನಿಂದ ತಟ್ಟಿ ನಾದ ಕೇಳಿ ಬಿರುಕನ್ನು ಪತ್ತೆ ಮಾಡುವಂತೆ, ಎಂಜಿನಿಯರು ರಚನೆಯ ಸಹಜ ಆವೃತ್ತಿಯಿಂದ ಅದರ ಬಿಗಿತವನ್ನು ಅರಿಯುತ್ತಾನೆ. ಬಿಗಿತ ಕುಂದಿದರೆ ಆವೃತ್ತಿ ಇಳಿಯುತ್ತದೆ. ಆದರೆ ಸೇತುವೆಯನ್ನು ತಟ್ಟಲು ಬೇಕಾಗುವ ಯಂತ್ರ ಭಾರಿಯಾದದ್ದು, ಸಂಚಾರವನ್ನೂ ನಿಲ್ಲಿಸಬೇಕಾಗುತ್ತದೆ. ಹಂಪಿಯ ವಿಠ್ಠಲ ದೇವಾಲಯದ ಸಂಗೀತದ ಕಂಬಗಳ ನಾದವನ್ನು ಕಲ್ಪಾಕ್ಕಂನ ಇಂದಿರಾ ಗಾಂಧಿ ಅಣುಶಕ್ತಿ ಸಂಶೋಧನಾ ಕೇಂದ್ರದ ವಿಜ್ಞಾನಿಗಳು ಅಧ್ಯಯನ ಮಾಡಿದಾಗ ಕಂಬಗಳನ್ನು ಮೆಲ್ಲಗೆ ತಟ್ಟಿಯೇ ಅವುಗಳ ಬಾಗುವ ಕಂಪನವನ್ನು ದಾಖಲಿಸಿದ್ದರು. ಇಡೀ ಗೋಪುರವನ್ನೋ ಮಿನಾರನ್ನೋ ಹಾಗೆ ತಟ್ಟುವಂತಿಲ್ಲ. ಗಾಳಿ ಮತ್ತು ಸಂಚಾರಗಳು ಹೇಗೂ ರಚನೆಯನ್ನು ಸದಾ ಅಲುಗಿಸುತ್ತಿರುವುದರಿಂದ ಆ ಅಲುಗಾಟವನ್ನೇ ದಾಖಲಿಸಿದರೆ ಸಾಕು. ಸುಮಾರು 72.5 ಮೀಟರ್ ಎತ್ತರದ ಕುತುಬ್ ಮಿನಾರ್ ಸೆಕೆಂಡಿಗೆ ಸುಮಾರು 0.8 ಬಾರಿ ತೂಗುತ್ತದೆಂದು ಹೀಗೆಯೇ ತಿಳಿದುಬಂದಿದೆ. ಅಮೆರಿಕದ ಯೂಟಾ ರಾಜ್ಯದಲ್ಲಿ ನಿಸರ್ಗವೇ ಕೆತ್ತಿದ ಸುಮಾರು 120 ಮೀಟರ್ ಎತ್ತರದ ಕ್ಯಾಸಲ್ಟನ್ ಶಿಲಾಸ್ತಂಭದ ತುದಿಗೆ ಆರೋಹಿಗಳು ಮಾಪಕ ಹೊತ್ತೊಯ್ದು ಅಳೆದಾಗ ಅದರ ಮುಖ್ಯ ಆವೃತ್ತಿಗಳು 0.8 ಮತ್ತು 1.0 ಹರ್ಟ್ಜ್ ಎಂದು ಕಂಡವು.

ಆವೃತ್ತಿ ಇಳಿದರೆ ಹಾನಿಯಾಗಿದೆ ಎಂಬ ನೇರ ತೀರ್ಮಾನ ಮಾತ್ರ ಸಲ್ಲದು. ಅದನ್ನು ಸ್ವಿಟ್ಜರ್ಲೆಂಡಿನ ಜೆಡ್24 ಸೇತುವೆ ಎಲ್ಲಕ್ಕಿಂತ ಚೆನ್ನಾಗಿ ಕಲಿಸಿತು. ಬರ್ನ್ ಮತ್ತು ಜ್ಯೂರಿಕ್ ನಗರಗಳ ನಡುವಿನ ಹೆದ್ದಾರಿಯ ಮೇಲೆ ಅಡ್ಡಲಾಗಿ ಹಾದುಹೋಗುತ್ತಿದ್ದ, 1963ರಲ್ಲಿ ಮುಗಿದ ಈ ಕಾಂಕ್ರೀಟ್ ಸೇತುವೆಯಲ್ಲಿ ದೋಷವೇನೂ ಇರಲಿಲ್ಲ. ಪಕ್ಕದಲ್ಲಿ ಬರಲಿದ್ದ ರೈಲುಮಾರ್ಗಕ್ಕೆ ಇನ್ನೂ ಉದ್ದನೆಯ ಅಂಕಣದ ಸೇತುವೆ ಬೇಕಾದ್ದರಿಂದ ಇದನ್ನು ಕೆಡವಲು ನಿರ್ಧರಿಸಲಾಗಿತ್ತು. ಅಂಥ ಸೇತುವೆ ದೊರೆತ ಅವಕಾಶವನ್ನು ಬಳಸಿಕೊಂಡು ಬೆಲ್ಜಿಯಂನ ಲೂವನ್ ವಿಶ್ವವಿದ್ಯಾಲಯ ಮತ್ತು ಇತರ ಸಂಸ್ಥೆಗಳ ಸಂಶೋಧಕರು 1997ರ ನವೆಂಬರಿನಿಂದ ಸುಮಾರು 10 ತಿಂಗಳು ಅದರ ಕಂಪನವನ್ನು ಉಷ್ಣತೆಯೊಂದಿಗೆ ಎಡೆಬಿಡದೆ ದಾಖಲಿಸಿ, ಕೊನೆಯ ವಾರಗಳಲ್ಲಿ ಬೇಕೆಂದೇ ಹಂತಹಂತವಾಗಿ ಅದಕ್ಕೆ ಹಾನಿ ಮಾಡಿದರು: ಒಂದು ಕಂಬವನ್ನು ಕೆಲವು ಸೆಂಟಿಮೀಟರ್ ತಗ್ಗಿಸಿದರು, ಕಾಂಕ್ರೀಟನ್ನು ಒಡೆದರು, ಒಳಗಿನ ಬಿಗಿದ ಉಕ್ಕಿನ ತಂತಿಗಳನ್ನು ಕತ್ತರಿಸಿದರು. ಅಂಕಿಗಳನ್ನು ಒಟ್ಟಿಗೆ ನೋಡಿದಾಗ, ಹಾನಿಯಿಂದಾದ ಬದಲಾವಣೆಗಿಂತ ಚಳಿಗಾಲ ಬೇಸಿಗೆಗಳಿಂದಾದ ಬದಲಾವಣೆಯೇ ದೊಡ್ಡದಾಗಿತ್ತು. ಉಷ್ಣತೆ ಸೊನ್ನೆ ಡಿಗ್ರಿಗಿಂತ ಕೆಳಗಿಳಿದಾಗ ರಸ್ತೆಯ ಡಾಂಬರು ಗಡುಸಾಗಿ ಇಡೀ ಸೇತುವೆಯೇ ಬಿಗಿಯಾದಂತೆ ಆವೃತ್ತಿ ಸರ್ರನೆ ಏರುತ್ತಿತ್ತು. ಉಷ್ಣತೆಯ ಪ್ರಭಾವವನ್ನು ಆರೋಗ್ಯದ ಕಾಲದ ದಾಖಲೆಗಳಿಂದ ಲೆಕ್ಕ ಹಾಕಿ ಕಳೆದ ಮೇಲೆಯೇ ಹಾನಿಯ ಗುರುತು ಸ್ಪಷ್ಟವಾಗಿ ಕಂಡಿತು. ಆ ದಾಖಲೆಗಳು ಇಂದಿಗೂ ಹೊಸ ವಿಧಾನಗಳಿಗೆ ಒರೆಗಲ್ಲಾಗಿವೆ.

ಇನ್ನೊಂದು ಮಿತಿಯನ್ನೂ ಮುಚ್ಚಿಡದೆ ಹೇಳಬೇಕು. ಬಿಗಿದ ತಂತಿಗಳ ಬಲದಿಂದ ನಿಂತ ಕಾಂಕ್ರೀಟ್ ಸೇತುವೆಯಲ್ಲಿ ಕೆಲವು ತಂತಿಗಳು ಹಾಳಾದರೂ ಕಾಂಕ್ರೀಟ್ ಬಿರಿಯುವವರೆಗೆ ಆವೃತ್ತಿ ಬಹಳ ಬದಲಾಗುವುದಿಲ್ಲ. 2021ರ ಡಿಸೆಂಬರಿನಲ್ಲಿ ಬೆಂಗಳೂರಿನ ಪೀಣ್ಯ ಮೇಲ್ಸೇತುವೆಯನ್ನು ಮುಚ್ಚುವಂತೆ ಮಾಡಿದ ದೋಷ ಇಂಥದ್ದು. ಕಂಬಗಳ ನಡುವಿನ ಕೆಲವು ಕೇಬಲ್‌ಗಳು ತುಕ್ಕು ಹಿಡಿದು ಕೆಟ್ಟಿದ್ದವು. ಅಂಥದ್ದಕ್ಕೆ ಕೇಬಲ್‌ಗಳ ನೇರ ತಪಾಸಣೆಯೂ ಭಾರ ಹೇರುವ ಪರೀಕ್ಷೆಯೂ ಬೇಕೇ ಬೇಕು. ಹಿನ್ನೆಲೆಯ ಕಂಪನದ ಅಳತೆ ಅವುಗಳ ಜಾಗವನ್ನು ತುಂಬದು. ಬೇರಿಂಗ್ ಜಾಮಾಗುವುದು, ಅಡಿಪಾಯ ಕುಸಿಯುವುದು, ಬಿರುಕು ಹಬ್ಬುವುದು ಮುಂತಾದ, ಇಡೀ ರಚನೆಯ ಬಿಗಿತವನ್ನು ಬದಲಿಸುವ ಸಂಗತಿಗಳಲ್ಲಿ ಅದರ ನಿಜವಾದ ಬಲವಿದೆ.

ಆ ಬಲ ಒದಗಬೇಕಾದರೆ ಹೋಲಿಸಲು ಹಳೆಯ ಅಂಕಿ ಇರಬೇಕು. ಕ್ಯಾಲಿಫೋರ್ನಿಯ ತಂತ್ರಜ್ಞಾನ ಸಂಸ್ಥೆಯ 9 ಅಂತಸ್ತಿನ ಮಿಲಿಕನ್ ಗ್ರಂಥಾಲಯದ ಆವೃತ್ತಿಗಳನ್ನು 1960ರ ದಶಕದಲ್ಲಿ ಕಟ್ಟಡ ಮುಗಿದ ಕಾಲದಲ್ಲೇ ಅಳೆದಿದ್ದರು. 1971ರ ಸ್ಯಾನ್ ಫರ್ನಾಂಡೊ ಭೂಕಂಪವೂ ಸೇರಿದಂತೆ ಹಲವು ಅಲುಗಾಟಗಳನ್ನು ದಾಟಿ ಬಂದ ಆ ಕಟ್ಟಡದ ಪೂರ್ವ-ಪಶ್ಚಿಮ ದಿಕ್ಕಿನ ಆವೃತ್ತಿ ಮೊದಲಿಗಿಂತ ಶೇಕಡಾ 22ರಷ್ಟು, ಉತ್ತರ-ದಕ್ಷಿಣ ದಿಕ್ಕಿನದು ಶೇಕಡಾ 12ರಷ್ಟು ಇಳಿದಿದೆಯೆಂದು 2006ರಲ್ಲಿ ಪ್ರಕಟವಾದ ವಿಶ್ಲೇಷಣೆ ತೋರಿಸಿತು. ಆವೃತ್ತಿ ಬಿಗಿತದ ವರ್ಗಮೂಲದಂತೆ ಬದಲಾಗುವುದರಿಂದ ಶೇಕಡಾ 22ರ ಇಳಿಕೆಯೆಂದರೆ ಬಿಗಿತದಲ್ಲಿ ಶೇಕಡಾ 39ರಷ್ಟು ಇಳಿಕೆ. ಮಳೆ, ಬಿರುಗಾಳಿ, ಬಿಸಿಲಿನ ದಿನಗಳಲ್ಲಿ ತಾತ್ಕಾಲಿಕವಾಗಿ ಆವೃತ್ತಿ ಏರಿಳಿಯುವುದೂ ಅಲ್ಲಿ ದಾಖಲಾಗಿದೆ. ಮೊದಲ ಅಳತೆ ಇಲ್ಲದಿದ್ದರೆ ಇವುಗಳಲ್ಲಿ ಯಾವ ಮಾತನ್ನೂ ಆಡುವಂತಿರಲಿಲ್ಲ.

ಕರ್ನಾಟಕದಲ್ಲಿ ಪ್ರತಿವರ್ಷ ಹೊಸದಾಗಿ ತೆರೆದುಕೊಳ್ಳುವ ಮೇಲ್ಸೇತುವೆಗಳಿಗೂ ಮೆಟ್ರೊ ದಾರಿಗಳಿಗೂ, ಇನ್ನೂ ಸುಸ್ಥಿತಿಯಲ್ಲಿರುವ ಹಳೆಯ ಕಲ್ಲಿನ ಗೋಪುರಗಳಿಗೂ ಇಂಥ ಮೊದಲ ಅಳತೆಯನ್ನು ಈಗಲೇ ಮಾಡಿಡುವುದು ತಡವಾಗಬಾರದ ಕೆಲಸ. ಒಂದು ಸೇತುವೆಯ ಅಂಕಣಕ್ಕೆ ನಾಲ್ಕಾರು ಮಾಪಕಗಳು, ಸಂಚಾರ ನಿಲ್ಲಿಸದೆ ಅರ್ಧ ದಿನದ ದಾಖಲೆ, ಇಷ್ಟು ಸಾಕು. ಕಾಮಗಾರಿಯ ನಕಾಶೆಗಳಿರುವ ಕಡತದಲ್ಲಿಯೇ ಆವೃತ್ತಿಗಳ ಪಟ್ಟಿಯನ್ನು ಸೇರಿಸಿ, ಅದರ ಜೊತೆಗೆ ಅಳತೆಯ ದಿನಾಂಕ, ಗಾಳಿಯ ಮತ್ತು ಕಾಂಕ್ರೀಟಿನ ಉಷ್ಣತೆ, ಹಿಂದಿನ ವಾರದ ಮಳೆ, ಸಂಚಾರದ ಸ್ಥಿತಿ, ಪ್ರತಿ ಮಾಪಕ ಯಾವ ಕಂಬದಿಂದ ಎಷ್ಟು ಮೀಟರ್ ದೂರದಲ್ಲಿತ್ತೆಂಬ ವಿವರ ಇವುಗಳನ್ನೂ ಬರೆದಿಡಬೇಕು. ಹತ್ತು ವರ್ಷಗಳ ಮೇಲೆ ಅದೇ ಋತುವಿನಲ್ಲಿ, ಅದೇ ಗುರುತುಗಳ ಮೇಲೆ ಮಾಪಕ ಇಟ್ಟು ಮತ್ತೆ ಅಳೆಯುವ ಎಂಜಿನಿಯರಿಗೆ ಇವಿಷ್ಟೂ ಬೇಕಾಗುತ್ತವೆ.